ಷಡ್ಡಕನ ಹಳದಿ ಮನೆಗಾಡಿ

ಸರ್ಕಾರಿ ಬಸ್ಸುಗಳಲ್ಲಿ ಮೂವತ್ತು ವರ್ಷ ದುಡಿದೆ. ಮೊದಲು ಕಂಡಕ್ಟರ್, ಆಮೇಲೆ ನಿವೃತ್ತಿಯ ತನಕ ಚೆಕಿಂಗ್. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ನಡುವೆ ಓಡಾಡುವವರಲ್ಲಿ ನನ್ನ ಮುಖ ಕಂಡು ಜೇಬು ತಡಕಾಡದವರು ಕಡಿಮೆ. ಮರಿಕಲ್ ದಾಟಿದ ಮೇಲೆ, ಸ್ಟಾಪೇ ಇಲ್ಲದ ಕಡೆ, ಒಂದು ಬೇವಿನ ಮರದ ಕೆಳಗೆ ನಿಂತು ಬಸ್ಸಿಗೆ ಕೈ ಅಡ್ಡ ಹಾಕುತ್ತಿದ್ದೆ. ಹತ್ತಿದ ಕೂಡಲೇ ಟಿಕೆಟ್ ಕೇಳುತ್ತಿರಲಿಲ್ಲ. ಮೊದಲು ತಲೆ ಎಣಿಸುವುದು, ಆಮೇಲೆ ಕೈಗಳನ್ನು ನೋಡುವುದು. ಟಿಕೆಟ್ ಇಲ್ಲದವನು ಮುಖವನ್ನು ಸಮಾಧಾನದಲ್ಲಿ ಇಟ್ಟುಕೊಳ್ಳಬಲ್ಲ, ಕೈಯನ್ನು ಇಟ್ಟುಕೊಳ್ಳಲಾರ. ಇದು ನನಗೆ ಯಾರೂ ಕಲಿಸಿದ್ದಲ್ಲ, ನಿಂತು ನಿಂತು ಬಂದದ್ದು.

ನಿವೃತ್ತಿಯಾದಾಗ ಕೆಲಸ ನನ್ನನ್ನು ಬಿಟ್ಟಿತು, ಚಾಳಿ ಬಿಡಲಿಲ್ಲ. ಹಾಲಿನವನ ಅಳತೆ, ತರಕಾರಿಯವಳ ತಕ್ಕಡಿ, ಮದುವೆ ಮನೆಯಲ್ಲಿ ಪಕ್ಕ ಕುಳಿತವನ ಎಲೆಗೆ ಬಿದ್ದ ಎರಡನೆಯ ಹೋಳಿಗೆ, ಎಲ್ಲದರ ಮೇಲೂ ನನ್ನ ಕಣ್ಣು. "ನಿಮ್ಮ ಕೂಡ ಸಂಸಾರ ಮಾಡೋದಂದ್ರ ದಿನಾ ಎದ್ದು ಟಿಕೆಟ್ ತೋರಿಸಿದಂಗ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಅವಳಿಗೆ ದಮ್ಮು. ಬೇಸಿಗೆಯಲ್ಲಿ ಬಾಧೆ ಇಲ್ಲ, ಮಳೆಗಾಲ ಹೇಗೋ ಕಳೆಯುತ್ತದೆ. ದೀಪಾವಳಿ ಮುಗಿದು ಮಕ್ತಲ್‌ನಲ್ಲಿ ಒಣ ಚಳಿ ಬಿದ್ದರೆ ಮಾತ್ರ ಅವಳ ಎದೆಯಲ್ಲಿ ಸೀಟಿ ಶುರು. ಅದೇ ಹೊತ್ತಿಗೆ ಸುತ್ತಲ ಹೊಲಗಳಲ್ಲಿ ಭತ್ತದ ಕೊಯ್ಲು, ಹುಲ್ಲಿಗೆ ಬೆಂಕಿ, ಹತ್ತಿ ಕಟ್ಟಿಗೆಗೆ ಬೆಂಕಿ. ಬೆಳಗಿನ ಹೊತ್ತು ಹೊಗೆ ಮೇಲೇರದೆ ಓಣಿಯಲ್ಲೇ ಕುಳಿತಿರುತ್ತದೆ. ಸಂಕ್ರಾಂತಿ ದಾಟುವವರೆಗೂ ಅವಳು ಗೋಡೆಗೆ ದಿಂಬು ಒರಗಿಸಿ ಕುಳಿತೇ ನಿದ್ದೆ ಮಾಡಬೇಕು. ರಾಯಚೂರಿನ ಡಾಕ್ಟರು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದರು: "ಚಳಿ, ಹೊಗಿ, ಧೂಳು ಮೂರೂ ತಪ್ಪಿಸ್ರಿ. ಎರಡು ತಿಂಗಳು ಎಲ್ಲ್ಯಾರ ಬೆಚ್ಚನ ಜಾಗಕ್ಕ ಕರಕೊಂಡು ಹೋಗ್ರಿ." ನಾನು ಹೂಂ ಎನ್ನುತ್ತಿದ್ದೆ. ಎರಡು ತಿಂಗಳು ಎಲ್ಲಿಗೆ, ಯಾರ ಮನೆಗೆ, ಹೇಗೆ ಎಂದು ಯೋಚಿಸುವಷ್ಟರಲ್ಲಿ ಚಳಿಗಾಲ ಮುಗಿದಿರುತ್ತಿತ್ತು. ಆದರೆ ಮೂರು ವರ್ಷದ ಹಿಂದಿನ ಚಳಿಗಾಲದಲ್ಲಿ ಅವಳು ಎರಡು ಬಾರಿ ಆಸ್ಪತ್ರೆ ಸೇರಿದ್ದಳು. ಇನ್ನೊಂದು ಚಳಿಗಾಲವನ್ನು ಹೀಗೇ ಕಳೆಯಲು ಆಗುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಹೀಗಿರುವಾಗ, ಎರಡು ವರ್ಷದ ಹಿಂದೆ, ದಸರಾ ಕಳೆದ ವಾರ ನನ್ನ ಷಡ್ಡಕ ಗದ್ವಾಲ್‌ನಿಂದ ಬಂದ. ಹೆಂಡತಿಯ ತಂಗಿಯ ಗಂಡ. ನಾವಿಬ್ಬರೂ ಕುರುಬರ ಮನೆತನದವರೇ. ನಮ್ಮ ಮನೆಯಲ್ಲಿ ಕುರಿ ತಾತನ ಕಾಲಕ್ಕೇ ಮುಗಿಯಿತು. ಅವರ ಮನೆಯಲ್ಲಿ ಈಗಲೂ ಇದೆ. ಅಣ್ಣತಮ್ಮಂದಿರು ಹಿಂಡು ಕಾಯುತ್ತಾರೆ, ಇವನು ಗಾಡಿ ಓಡಿಸುತ್ತಾನೆ. ಶಾಲೆಯ ಮುಖ ನೋಡಿದ್ದು ಎರಡು ವರ್ಷ. ಮಾತು ಕಡಿಮೆ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟಿದ್ದು ನಾನು ಕಂಡಿಲ್ಲ. ಇಂಥವರನ್ನು ಬಸ್ಸಿನಲ್ಲಿ ಕಂಡರೆ ನಾನು ಎರಡು ಸಲ ನೋಡುತ್ತಿದ್ದೆ.

ಅವನು ಬಂದದ್ದು ಒಂದು ಹಳದಿ ವ್ಯಾನಿನಲ್ಲಿ. ಯಾವುದೋ ಶಾಲೆಯವರು ಮೂಲೆಗೆ ಹಾಕಿದ್ದ ಮಕ್ಕಳ ವ್ಯಾನು. ಬದಿಯಲ್ಲಿ ಶಾಲೆಯ ಹೆಸರು ಉಜ್ಜಿ ಅಳಿಸಿದ್ದು ಇನ್ನೂ ಕಾಣುತ್ತಿತ್ತು. ಒಳಗಿನ ಸೀಟೆಲ್ಲ ಕಿತ್ತು, ಎರಡು ಮಂಚ ಕೂರಿಸಿದ್ದ. ಹಿಂದೆ ಸಣ್ಣ ಗ್ಯಾಸ್ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ಹಳೆಯ ನಾರಾಯಣಪೇಟೆ ಸೀರೆ ಹರಿದು ಮಾಡಿದ ಪರದೆ. "ಫೋನಿನ್ಯಾಗ ನೋಡಿದ್ನಿ ಅಣ್ಣಾರ," ಎಂದ. "ಪರದೇಶದಾಗ ಚಳಿ ಬಿದ್ರ ಮುದುಕ್ರೆಲ್ಲ ಮನಿನ ಗಾಡಿ ಮ್ಯಾಲ ಹೇರಿಕೊಂಡು ಬೆಚ್ಚನ ಕಡೆ ಹೋಗಿಬಿಡ್ತಾರ. ನಮ್ಮ ಹಿರೇರು ಮಾಡಿದ್ದು ಬ್ಯಾರೆ ಏನು? ಅವರ ಹಿಂದ ಕುರಿ ಇದ್ವು, ಇವರ ಹಿಂದ ಇಲ್ಲ, ಅಷ್ಟ. ಪುಷ್ಯ ಮಾಸ ಹಿಡಿಯೂ ಮೊದ್ಲ ನಾವು ನಾಲ್ಕೂ ಮಂದಿ ದಕ್ಷಿಣಕ್ಕ ಹೋಗೋಣು. ಅಕ್ಕಾರಿಗೆ ದಮ್ಮು ಕಡಿಮಿ ಆಗ್ತೈತಿ."

"ದಕ್ಷಿಣ ಅಂದ್ರ ಎಲ್ಲಿಗೆ?" ಎಂದೆ.

"ನೋಡೋಣಂತ."

"ಎಷ್ಟು ದಿನ?"

"ನೋಡೋಣಂತ ಅಣ್ಣಾರ. ಫಿಕರ್ ಮಾಡಬ್ಯಾಡ್ರಿ."

ನೋಡೋಣಂತ ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಎಲ್ಲಿ ಇಳಿಯುತ್ತೀಯಪ್ಪಾ ಎಂದರೆ ಮುಂದೆ ಮುಂದೆ ಎಂದು ಕೈ ತೋರಿಸುವ ಎಷ್ಟು ಮಂದಿಯನ್ನು ನಾನು ಕಂಡಿಲ್ಲ! ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹೆಂಡತಿ. ರಾಯಚೂರಿಗೆ ಹೊರಡಿಸಬೇಕಾದರೂ ವಾರದಿಂದ ಬೇಡಬೇಕಾದ ಹೆಂಗಸು, "ಹೋಗೋಣ್ರಿ" ಎಂದುಬಿಟ್ಟಳು. ಅದೂ ಅವನ ಮಾತು ಮುಗಿಯುವ ಮೊದಲೇ. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಅನಿಸಿತು. ಚಹಾ ಕುಡಿಯುತ್ತಾ ಅವನ ಕೈ ನೋಡಿದೆ. ಕೈ ಸುಮ್ಮನೇ ಇತ್ತು. ಪಳಗಿದವನು ಎಂದುಕೊಂಡೆ.

ಆದರೂ ನಾನು ನನ್ನ ಕೆಲಸ ಮಾಡಿದೆ. ಹೊಸ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದು ಪೂರ್ತಿ ಪ್ರಯಾಣದ ಚಾರ್ಟು ಹಾಕಿದೆ. ಬೆಳಗ್ಗೆ ಇಷ್ಟಕ್ಕೆ ಗದ್ವಾಲ್ ಬಿಡುವುದು, ಇಷ್ಟಕ್ಕೆ ಕರ್ನೂಲು, ಚಹಾಕ್ಕೆ ಹತ್ತು ನಿಮಿಷ, ಊಟಕ್ಕೆ ಮುಕ್ಕಾಲು ತಾಸು, ಗಾಡಿ ನಿಲ್ಲಿಸುವ ಊರು, ಆ ಊರಿನಲ್ಲಿ ಆಸ್ಪತ್ರೆ ಇದೆಯೋ ಇಲ್ಲವೋ. ರಾಮೇಶ್ವರ, ಕನ್ಯಾಕುಮಾರಿ ಎರಡೂ ಬಂದವು. ಹಾಳೆ ಹರಿದು ಷಡ್ಡಕನಿಗೆ ಕೊಟ್ಟೆ. ಅವನು ಅದನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಕಣ್ಣಿಗೆ ಒತ್ತಿಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟ. ಓದಲಿಲ್ಲ. ಚಾರ್ಟು ಬೇಡದ ಡ್ರೈವರ್ ಅಂದರೆ ಬೇರೆ ಏನೋ ದಾರಿ ಹಿಡಿದಿದ್ದಾನೆ ಎಂದೇ ನನಗೆ ಗೊತ್ತಿರುವ ಅರ್ಥ.

ಅಲ್ಲಿಂದ ನನ್ನ ತಲೆ ಓಡಿತು. ಇವನು ಈ ಗಾಡಿಯನ್ನು ತೀರ್ಥಯಾತ್ರೆಗೆ ಓಡಿಸಲು ಹೊರಟಿದ್ದಾನೆ, ಪರ್ಮಿಟ್ ಇಲ್ಲದೆ. ನಾವು ಮೊದಲ ಟ್ರಿಪ್ಪಿನ ಪ್ರಯೋಗದ ಪ್ಯಾಸೆಂಜರುಗಳು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರೆ ದಾರಿಯಲ್ಲಿ ತಡೆಯುವವರೂ ಹಳೆಯ ಚೆಕಿಂಗ್ ಸಾಹೇಬರು ಎಂದು ಬಿಟ್ಟುಬಿಡುತ್ತಾರೆ. ಅಕ್ಕನ ದಮ್ಮು ಬರೀ ನೆಪ. ಇಷ್ಟು ಹೊಳೆದ ಮೇಲೆ ಎಲ್ಲವೂ ಅದಕ್ಕೆ ಸರಿಯಾಗಿ ಕೂರತೊಡಗಿತು. ಅವನು ಕೊಟ್ಟುಕಳಿಸಿದ ಸಜ್ಜೆ ರೊಟ್ಟಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದು, ಎಲ್ಲವೂ.

ಕಾರ್ತಿಕ ಮಾಸದಲ್ಲಿ ಹೆಂಡತಿ ತಂಗಿಯ ಮನೆಗೆ ಗದ್ವಾಲ್‌ಗೆ ಹೋದಳು. ಮನೆದೇವರು ಬೀರಪ್ಪನಿಗೆ ಎಡೆ ಇದೆ, ಐದು ದಿನ ಇದ್ದು ಬರುತ್ತೇನೆ ಎಂದಳು. ನಾನೇ ಬಸ್ಸು ಹತ್ತಿಸಿದೆ. ಮೂರನೆಯ ದಿನ ಫೋನು ಮಾಡಿದಾಗ ಅವಳ ದನಿಯ ಹಿಂದೆ ಹೋ ಎಂದು ಒಂದು ಸದ್ದು. ಅದು ಗಾಳಿಯಲ್ಲ, ಗಾಡಿಯಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.

"ಅದೇನು ಸದ್ದು?"

ಅವಳು ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಒಯ್ದದ್ದು ಕೇಳಿಸಿತು. ಆಮೇಲೆ, "ಜೂರಾಲ ಡ್ಯಾಮ್ ನೋಡಾಕ ಬಂದೀವ್ರಿ. ಗೇಟು ಎತ್ತ್ಯಾರ" ಎಂದಳು. ಫೋನಿಟ್ಟಳು.

ಆ ದಾರಿಯಲ್ಲಿ ಓಡುವ ಹಳೆಯ ಕಂಡಕ್ಟರ್ ಒಬ್ಬ ನನಗೆ ಪರಿಚಯ. ಅವನಿಗೆ ಫೋನು ಹಚ್ಚಿದೆ. "ಗೇಟು ಬಂದ್ ಮಾಡಿ ತಿಂಗಳಾತು ಸಾರ್. ಈಗ ಎಲ್ಲಿ ನೀರು?" ಎಂದ. ಕುರ್ಚಿಯಲ್ಲಿ ಕುಳಿತುಬಿಟ್ಟೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನಗೆ ಸುಳ್ಳು ಹೇಳಿದ್ದು ನನಗೆ ಗೊತ್ತಿರುವಂತೆ ಇದೇ ಮೊದಲು. ಆದದ್ದು ಭಯವೋ ಸಿಟ್ಟೋ ನನಗೇ ತಿಳಿಯಲಿಲ್ಲ.

ಐದು ದಿನ ಎಂದವಳು ಆರನೆಯ ದಿನ ಬಂದಳು. ಮುಖ ಕಪ್ಪಾಗಿತ್ತು, ಆದರೆ ಹೊಳೆಯುತ್ತಿತ್ತು. ಎರಡು ರೊಟ್ಟಿ ತಿನ್ನುವವಳು ಮೂರು ತಿಂದಳು. ಯಾವಾಗಲೂ ಎರಡು ಉಸಿರಿನ ಪಂಪು ಜೊತೆಗಿರಬೇಕು ಎಂದು ನಾನೇ ಕಟ್ಟಿ ಕಳಿಸಿದ್ದೆ; ಚೀಲ ಬಿಚ್ಚಿ ನೋಡಿದರೆ ಒಂದೇ ಇತ್ತು. "ತಂಗಿ ಕಡೆ ಬಿಟ್ಟೀನಿ" ಎಂದಳು. ಯಾಕೆ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಚೆಕಿಂಗಿನಲ್ಲಿ ಒಂದು ಪಾಠವಿದೆ. ಸಂಶಯ ಬಂದವನನ್ನು ನಡುದಾರಿಯಲ್ಲಿ ಹಿಡಿದರೆ ಈಗ ತಾನೇ ಹತ್ತಿದೆ ಎನ್ನುತ್ತಾನೆ. ಕೊನೆಯ ಸ್ಟೇಜಿನವರೆಗೂ ಬಿಡಬೇಕು. ಬಿಟ್ಟೆ.

ಷಡ್ಡಕ ಆ ಹೊತ್ತಿಗೆ ವ್ಯಾನನ್ನು ಶಾಂತಿನಗರದ ಒಂದು ಶೆಡ್ಡಿನಲ್ಲಿ ನಿಲ್ಲಿಸಿದ್ದ. ಕಿಟಕಿಗೆ ಜಾಲರಿ ಹಾಕಿಸುತ್ತಿದ್ದಾನಂತೆ. ಯಾರಿಗೂ ಹೇಳದೆ ಒಂದು ಬೆಳಿಗ್ಗೆ ನಾನು ಬಸ್ಸು ಹತ್ತಿ ಅಲ್ಲಿಗೆ ಹೋದೆ. ಶೆಡ್ಡಿನವನಿಗೆ ನಾನು ಅವನ ಅಣ್ಣ ಎಂದೆ. ಅಷ್ಟರ ಮಟ್ಟಿಗೆ ಸುಳ್ಳಲ್ಲ. ಒಳಗೆ ಹೋಗಿ ಹಳೆಯ ಕ್ರಮದಲ್ಲೇ ನೋಡಿದೆ, ಹಿಂದಿನಿಂದ ಮುಂದಕ್ಕೆ. ಒಲೆ ಬಳಸಿದ ಒಲೆ. ಡ್ರಮ್ಮಿನಲ್ಲಿ ಅರ್ಧ ನೀರು. ಕಾಲೊರಸಿನ ಕೆಳಗೆ ಮರಳು. ನಮ್ಮ ಕೃಷ್ಣೆಯ ಮರಳು ದಪ್ಪ, ಕೆಂಪು ಕಲಸಿದ್ದು. ಇದು ಹಿಟ್ಟಿನಂತೆ ನುಣ್ಣಗಿತ್ತು, ಅದರಲ್ಲಿ ಕಪ್ಪೆಚಿಪ್ಪಿನ ಚೂರು. ಮಂಚದ ತಲೆಯ ಕಡೆ ಒಂದು ಮೊಳೆಗೆ ಉಣ್ಣೆಯ ದಾರ ಕಟ್ಟಿತ್ತು, ಮೊದಲು ಕರಿ ಎಳೆ, ಆಮೇಲೆ ಬಿಳಿ ಎಳೆ, ಸಾಲಾಗಿ ಗಂಟು ಹಾಕಿದ್ದು. ದಿಂಬು ಎತ್ತಿದೆ.

ದಿಂಬಿನ ಕೆಳಗೆ ಉಸಿರಿನ ಪಂಪು. ಅದರ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ತಾರೀಖು. ಪಂಪು ತೆರೆದ ದಿನ ನೆನಪಿರಲಿ ಎಂದು ಹಾಗೆ ಪಟ್ಟಿ ಅಂಟಿಸಿ ತಾರೀಖು ಬರೆಯುವವನು ಈ ಜಗತ್ತಿನಲ್ಲಿ ಒಬ್ಬನೇ, ಅದು ನಾನು. ನನ್ನ ಅಕ್ಷರ ನನ್ನನ್ನೇ ನೋಡುತ್ತಿತ್ತು. ಹಾಗಾದರೆ ಬೀರಪ್ಪನ ಎಡೆಯೂ ಸುಳ್ಳು, ಡ್ಯಾಮೂ ಸುಳ್ಳು. ನನ್ನ ಹೆಂಡತಿ ಈ ಗಾಡಿಯಲ್ಲಿ ಸಮುದ್ರಕ್ಕೆ ಹೋಗಿ ಬಂದಿದ್ದಾಳೆ. ನನ್ನನ್ನು ಮಕ್ತಲ್‌ನಲ್ಲಿ ಕೂರಿಸಿ.

ಪಂಪು, ದಾರ, ಒಂದು ಚೀಟಿಯಲ್ಲಿ ಒಂದು ಹಿಡಿ ಮರಳು ಕಟ್ಟಿಕೊಂಡು ವಾಪಸು ಬಂದೆ. ಬಸ್ಸಿನಲ್ಲಿ ಪಕ್ಕದವರು ಏನೋ ಕೇಳಿದರು, ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ನಾಲ್ಕು ದಿನ ಯಾರಿಗೂ ಏನೂ ಹೇಳಲಿಲ್ಲ. ಆ ನಾಲ್ಕು ದಿನ ಊರಲ್ಲಿ ಹುಲ್ಲು ಸುಡುತ್ತಿದ್ದರು. ಅವಳು ಬಾಯಿಗೆ ಸೆರಗು ಕಟ್ಟಿಕೊಂಡು ಅಡುಗೆ ಮಾಡುವುದನ್ನು ನೋಡುತ್ತಲೇ ಇದ್ದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ಯಾವಾಗ ಕೇಳಬೇಕು, ಹೇಗೆ ಕೇಳಬೇಕು ಎಂಬುದೇ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಷಡ್ಡಕ, ಅವನ ಹೆಂಡತಿ ಇಬ್ಬರೂ ಬಂದರು. ಹೊರಡುವ ದಿನ ಗೊತ್ತುಮಾಡಿ ನಮ್ಮ ಮನೆಯ ದೇವರ ಜಗಲಿಯ ಮೇಲಿನ ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಳ್ಳುವುದಿತ್ತು. ಹೆಂಡತಿ ಅರಿಶಿನ ಪುಡಿಯ ಬಟ್ಟಲು ತಂದಿಟ್ಟಳು. ನಾನು ಒಳಗಿನಿಂದ ಊಟದ ತಾಟು ತಂದು ಅದರ ಪಕ್ಕದಲ್ಲಿ ಇಟ್ಟೆ. ತಾಟಿನಲ್ಲಿ ಪಂಪು, ದಾರ, ಮರಳು.

"ಇದು ಯಾರ್ದು?" ಎಂದೆ.

ಹೆಂಡತಿ ಪಂಪನ್ನು ನೋಡಿ, "ನಂದ" ಎಂದಳು. ಗಾಬರಿ ಇಲ್ಲ.

"ಎಲ್ಲಿ ಸಿಕ್ಕಿತು, ಗೊತ್ತೈತೇನು?"

"ಗೊತ್ತೈತಿ. ನಾನ ಅಲ್ಲೆ ಇಟ್ಟು ಬಂದೀನಿ. ಮತ್ತ ಹೋಗಬೇಕಲ್ಲ."

ಕೊನೆಯ ಸ್ಟೇಜಿನಲ್ಲಿ ಹಿಡಿದವನಿಗೆ ಸಿಗಬೇಕಾದ ತೃಪ್ತಿ ಸಿಗಲಿಲ್ಲ. ಅದಕ್ಕೇ ದನಿ ಏರಿಸಿದೆ. ಷಡ್ಡಕನ ಕಡೆ ತಿರುಗಿ, ಪರ್ಮಿಟ್ ಇಲ್ಲದ ಗಾಡಿಯಲ್ಲಿ ರೋಗಿಷ್ಟ ಹೆಂಗಸನ್ನು ಗಂಡನಿಗೆ ತಿಳಿಸದೆ ಒಯ್ದವನು ಇನ್ನೇನು ಮಾಡಲಾರ ಎಂದೆ. ಎಲ್ಲಿಗೆ ಒಯ್ದೆ, ಎಷ್ಟು ದಿನ ಇಟ್ಟೆ, ನನ್ನ ಹೆಸರು ಹೇಳಿಕೊಂಡು ಯಾತ್ರೆಯ ಗಾಡಿ ಓಡಿಸಬೇಕೆಂದಿದ್ದೀಯೋ ಎಂದೆ. ಬಾಯಿಗೆ ಬಂದದ್ದೆಲ್ಲ ಬಂತು. "ಚಾಲು ಬಾವಾ!" ಎಂದು ನಾದಿನಿ ತೆಲುಗಿನಲ್ಲಿ ಚೀರಿದಳು. "ಇಂಕ ಚಾಲು, ಸಾಕು ಮಾಡ್ರಿ! ನಾವು ಕಳ್ಳರೇನು?"

ಷಡ್ಡಕ ತಾಟಿನಿಂದ ದಾರ ಎತ್ತಿಕೊಂಡ. ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು ನನ್ನ ಮುಂದೆ ಚಾಚಿದ.

"ಅಣ್ಣಾರ, ನೀವು ಬರದು ಕೊಟ್ಟಿದ್ದು ಓದಾಕ ನನಗ ಬರಂಗಿಲ್ಲ. ಓದಿದ್ರೂ ನಾಕು ಅಕ್ಷರ ತೆಲುಗು, ಕನ್ನಡ ಅಲ್ಲ. ಅದಕ್ಕ ಹಿಂಗ ಮಾಡಿಕೊಂಡೀನಿ. ಇದು ಮೊದಲನೇ ದಿನ, ನಂದ್ಯಾಲದ ಈ ಕಡಿ. ಜಿನ್ನಿಂಗ್ ಮಿಲ್ಲು, ಹತ್ತಿ ಧೂಳು. ಅಕ್ಕಾರು ಕೆಮ್ಮಿದ್ರು. ಕರಿ. ಇದು ಘಾಟಿನ ಮ್ಯಾಲ, ಗಿದ್ದಲೂರಿನ ಹತ್ರ. ಗಾಳಿ ಚಲೋ ಐತಿ ಆದ್ರ ಬೆಳಿಗ್ಗಿ ಥಂಡಿ. ಕರಿ. ಇದು ಒಂಗೋಲು ದಾಟಿ ಸಮುದ್ರದ ದಂಡಿ." ಅವನ ಬೆರಳು ಬಿಳಿ ಎಳೆಯ ಮೇಲೆ ಬಂತು. ಅದರ ಹಿಂದೆ ಇನ್ನೊಂದು ಬಿಳಿ, ಮತ್ತೂ ಒಂದು. "ಇಲ್ಲೆ ಅಕ್ಕಾರು ಮಲಗಿದ್ರು."

ದಾರ ಸುತ್ತಿಕೊಳ್ಳುತ್ತಾ ಹೇಳಿದ: "ಹಿಂಡು ಹೊಡಕೊಂಡು ಹೋಗೋ ಮೊದಲ ಒಬ್ಬ ಮುಂದ ಹೋಗಿ ಹುಲ್ಲು ನೀರು ನೋಡಿ ಬರಬೇಕಲ್ಲರಿ. ನಾ ಒಬ್ಬನ ಹೋಗಿ ನೋಡಿದ್ರ ಏನು ಗೊತ್ತಾಗ್ತೈತಿ? ದಮ್ಮು ನಂದಲ್ಲ. ಅವರ್ನ ಕರಕೊಂಡು ಹೋಗಬೇಕಾತು. ನೋಡಿ ಬರೋತನಕ ಜಾಗದ ಹೆಸರು ಬಾಯಿಲೆ ಆಡಬಾರದು. ಇದು ನಿಮಗೂ ಗೊತ್ತಿದ್ದದ್ದ."

ಗೊತ್ತಿತ್ತು. ನಮ್ಮ ತಾತ ಗುಂಡುಮಾಲ್ ಕಡೆಯ ಅಡವಿಯಲ್ಲಿ ಕುರಿ ಕಾಯುತ್ತಿದ್ದಾಗ, ಎತ್ತ ಹೋಗುತ್ತೀರಿ ಎಂದು ಯಾರು ಕೇಳಿದರೂ ನೋಡೋಣಂತ ಎನ್ನುತ್ತಿದ್ದ. ಎಷ್ಟು ಕುರಿ ಎಂದರೆ ನಕ್ಕು ಸುಮ್ಮನಾಗುತ್ತಿದ್ದ. ಇನ್ನೂ ಕಾಣದ ಮೇವಿನ ಹೆಸರು ಹೇಳಿದರೆ ಅದು ಕೈಗೆ ಸಿಗುವುದಿಲ್ಲ, ಎಣಿಸಿ ಹೇಳಿದ ಕುರಿ ಉಳಿಯುವುದಿಲ್ಲ ಎಂಬ ಅಂಜಿಕೆ. ಕೇಳುವವರೂ ಅದನ್ನು ತಿಳಿದು ಎರಡನೆಯ ಸಲ ಕೇಳುತ್ತಿರಲಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ನಾನು ಮೂವತ್ತು ವರ್ಷ ಬಸ್ಸಿನಲ್ಲಿ ತಲೆ ಎಣಿಸಿ, ಎಲ್ಲಿಗೆ ಎಲ್ಲಿಗೆ ಎಂದು ಕೇಳಿ, ನಮ್ಮವರ ಸುಮ್ಮನಿರುವಿಕೆಯನ್ನೇ ಕಳ್ಳತನ ಎಂದು ಓದಿದೆ. ಅದು ಮರೆವಿನ ತಪ್ಪಷ್ಟೇ ಆಗಿದ್ದರೆ ನನ್ನನ್ನು ಕ್ಷಮಿಸಿಕೊಳ್ಳುತ್ತಿದ್ದೆ; ಹಿಡಿಯುವ ಹುಮ್ಮಸ್ಸೂ ಅದರಲ್ಲಿ ಸೇರಿತ್ತು.

ಷಡ್ಡಕನ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಅದು ನನಗೆ ಹೆಚ್ಚು ನೋವು ಮಾಡಿತು. ಅವನ ಮುಖ ನೋಡಲಾರದೆ ಹೆಂಡತಿಯ ಕಡೆ ತಿರುಗಿದೆ.

"ಅವ ಹೇಳಬಾರದು. ಒಪ್ಪಿದ್ನಿ. ನೀ ಯಾಕ ನನಗ ಹೇಳಲಿಲ್ಲ? ಸುಳ್ಳು ಯಾಕ ಹೇಳಿದಿ?"

ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಹೊರಗಿನ ಹೊಗೆಗೆ ಆ ಬೆಳಿಗ್ಗೆ ಎದೆ ಆಗಲೇ ಕಟ್ಟಿತ್ತು. ಒಂದು ಕೈ ನೆಲಕ್ಕೆ ಊರಿ, ಎರಡು ಮೂರು ಮಾತಿಗೊಮ್ಮೆ ನಿಂತು, ನಿಧಾನವಾಗಿ ಹೇಳಿದಳು.

"ಹೇಳಿದ್ರ ನೀವು ಕೇಳ್ತಿದ್ರಿ... ಎಲ್ಲಿಗೆ, ಯಾರ ಕೂಡ, ಎಷ್ಟು ದಿನ, ಯಾಕ... ಒಂದಕ್ಕ ಹೇಳಿದ್ರ ಇನ್ನೊಂದು. ಎಲ್ಲಾದಕ್ಕೂ ಉತ್ತರ ಹೇಳಾಕ ಉಸಿರು ಬೇಕಲ್ರಿ... ನನ್ನ ಕಡೆ ಇದ್ದಿದ್ದು ಅಷ್ಟ. ಅದನ್ನ ನಿಮಗ ಕೊಟ್ಟಿದ್ರ... ಗಾಡಿ ಹತ್ತಾಕ ನನಗ ಉಳೀತಿರಲಿಲ್ಲ."

ಪಂಪು ತಾಟಿನಲ್ಲೇ ಇತ್ತು. ನಾದಿನಿ ಅದನ್ನು ಎತ್ತಿ ಅಕ್ಕನ ಕೈಗೆ ಕೊಟ್ಟಳು. ನನಗೆ ಅಷ್ಟೂ ಹೊಳೆದಿರಲಿಲ್ಲ. ಅವಳು ಎರಡು ಸಲ ಎಳೆದುಕೊಂಡು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಇದ್ದು, ಇನ್ನೊಂದು ಮಾತು ಹೇಳಿದಳು.

"ಈ ಸಲ ನೀವು ಮನ್ಯಾಗ ಇರ್ರಿ. ನಾವು ಮೂವರ ಹೋಗ್ತೀವಿ."

"ಜಾಗ ಐತಿ ಅಕ್ಕಾರ, ಅಣ್ಣಾರೂ ಬರ್ಲಿ" ಎಂದ ಷಡ್ಡಕ. ಅಷ್ಟು ಅನ್ನಿಸಿಕೊಂಡ ಮೇಲೂ ಹಾಗಂದ. ಅವಳು ತಲೆ ಅಲ್ಲಾಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದಳು. ಅವಳು ದಣಿದದ್ದು ದಮ್ಮಿನಿಂದ ಮಾತ್ರ ಅಲ್ಲ, ನನ್ನಿಂದಲೂ ಎಂದು ಆ ಕ್ಷಣ ನನಗೆ ತಿಳಿಯಿತು. ಇಷ್ಟು ವರ್ಷ ಅದು ಕಾಣದೆ ಹೋದದ್ದು ಹೇಗೆ ಎಂದು ಈಗಲೂ ಯೋಚಿಸುತ್ತೇನೆ.

ಅವರು ಮೂವರೂ ಭಂಡಾರ ಹಚ್ಚಿಕೊಂಡರು. ಷಡ್ಡಕ ಬಟ್ಟಲನ್ನು ನನ್ನ ಮುಂದೂ ಹಿಡಿದ. ನಾನೂ ಹಚ್ಚಿಕೊಂಡೆ. ತಪ್ಪಾಯಿತಪ್ಪಾ ಎಂದು ಅವನಿಗೆ ಬಾಯಿ ಬಿಟ್ಟು ಹೇಳಿದೆ. "ಬಿಡ್ರಿ ಅಣ್ಣಾರ, ಮನಿ ಅಂದಮ್ಯಾಲ ಇದ್ದದ್ದ" ಎಂದು ಅವನು ಕೈ ಹಿಡಿದುಕೊಂಡ. ನಾದಿನಿ ಮಾತ್ರ ಅವತ್ತು ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ.

ಹತ್ತು ದಿನದ ನಂತರ ಹೊರಟರು. ನಾನು ಔಷಧಿಯ ಚೀಲ ಕಟ್ಟಿದೆ. ಡಾಕ್ಟರ ಚೀಟಿ, ಮೂರು ಪಂಪು, ಹಬೆ ತೆಗೆದುಕೊಳ್ಳುವ ಪಾತ್ರೆ. ಎರಡು ಕಂಬಳಿ ಇಟ್ಟೆ. ಅಲ್ಲಿ ಬೆಚ್ಚಗಿರುತ್ತದೆ, ಬೇಡ ಎಂದು ಅವಳು ಒಂದನ್ನು ತೆಗೆದು ನನ್ನ ಹಾಸಿಗೆಯ ಮೇಲೆ ಹಾಕಿದಳು. ಯಾವಾಗ ಬರುತ್ತೀ ಎಂದು ಕೇಳದೆ ಚೀಲದ ಬಾಯಿ ಕಟ್ಟಿದೆ. ಹಳದಿ ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿ ಒಳಗೆ ಬಂದೆ.

ಮನೆಯಲ್ಲಿ ಒಬ್ಬನೇ ಇರುವಾಗ ಸಂಶಯಕ್ಕೆ ಬಿಡುವೇ ಇಲ್ಲ. ಬ್ರೇಕ್ ಹಿಡಿಯುತ್ತದೋ ಇಲ್ಲವೋ, ಷಡ್ಡಕ ನಿದ್ದೆಗೆಟ್ಟು ಓಡಿಸುತ್ತಿದ್ದಾನೋ, ನಾದಿನಿ ಇನ್ನೂ ನನ್ನ ಮೇಲಿನ ಸಿಟ್ಟನ್ನು ಅಕ್ಕನ ಕಿವಿಗೆ ಊದುತ್ತಿದ್ದಾಳೋ. ಅವಳು ಫೋನು ಎತ್ತದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎನಿಸುತ್ತಿತ್ತು; ಎತ್ತಿದರೆ ಇಷ್ಟು ಬೇಗ ಯಾಕೆ ಎತ್ತಿದಳು ಎನಿಸುತ್ತಿತ್ತು. ಅವಳು ಕೂಡ ಎಚ್ಚರದಲ್ಲೇ ಮಾತಾಡುತ್ತಿದ್ದಳು. ಉಂಡೆ, ಆರಾಮ ಇದ್ದೀನಿ, ನೀವು ಉಂಡ್ರಿ? ಅಷ್ಟೇ. ನಾನು ಉಂಡೆ ಎನ್ನುತ್ತಿದ್ದೆ. ಎಲ್ಲಿದ್ದೀ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಹೇಳುತ್ತಿದ್ದಳೋ ಏನೋ. ಆದರೆ ಮೂವತ್ತು ವರ್ಷ ಮಾಡಿದ ಕೆಲಸಕ್ಕಿಂತ ಹೀಗೆ ಕೇಳದೆ ಇರುವ ಕೆಲಸ ನನಗೆ ಕಷ್ಟವಾಯಿತು.

ಹೀಗೆ ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು. ನಾನು ಅನ್ನಕ್ಕೆ ನೀರಿಡುತ್ತಿದ್ದೆ.

"ಏನ್ರಿ, ಕೇಳ್ರಿಲ್ಲೆ, ಇವತ್ತು ಏನಾತು ಅಂದ್ರ ಬೆಳಿಗ್ಗಿ ನನ್ನ ತಂಗಿ ಮೀನದವರ ಹೆಂಗಸು ಕೂಡ ಜಗಳಾಡಿದ್ಳು, ಮೀನ ಹಿಡಿಯೋ ಬಲಿ ನಮ್ಮ ಗಾಡಿ ನೆರಳಿಗ್ಯಾಕ ಹಾಕ್ತಿ ವಾಸನಿ ಬರ್ತೈತಿ ಅಂತ, ಅವಳು ಇದು ನಮ್ಮ ಅಪ್ಪನ ಕಾಲದಿಂದ ಬಲಿ ಒಣಗಿಸೋ ಜಾಗ ನಿಮ್ಮ ಗಾಡಿನ ತೆಗೀರಿ ಅಂತ, ಇಬ್ಬರಿಗೂ ತೆಲುಗು ಬರ್ತೈತಲ್ಲ ಒಬ್ಬರಿಗೊಬ್ಬರು ಬಿಡವಲ್ರು, ಕಡೀಕ ನಾನ ಓಡಿಹೋಗಿ ನಡುವ ನಿಂತು ಇಬ್ಬರಿಗೂ ಚಹಾ ಮಾಡಿ ಕೊಟ್ಟೀನಿ ನೋಡ್ರಿ..."

ಓಡಿಹೋಗಿ ಎಂದಳು. ನನ್ನ ಕೈಯಲ್ಲಿ ಪಾತ್ರೆ ಹಾಗೇ ಇತ್ತು. ಅವಳು ಇನ್ನೂ ಹೇಳುತ್ತಲೇ ಇದ್ದಳು. ಆ ಹೆಂಗಸಿನ ಮಗಳ ಹೆರಿಗೆ, ಅಲ್ಲಿಯ ಅಕ್ಕಿಯ ದಪ್ಪ, ಷಡ್ಡಕ ಅಲೆಗೆ ಹೆದರಿ ಮೊಣಕಾಲಿನ ಮೇಲೆ ನೀರಿಗೆ ಇಳಿಯದೆ ಇರುವುದು. ಒಂದು ಮಾತಿನ ಬಾಲ ಹಿಡಿದು ಇನ್ನೊಂದು. ನಡುವೆ ಎಲ್ಲಿಯೂ ಸೀಟಿ ಇಲ್ಲ, ನಿಲ್ಲುವುದು ಇಲ್ಲ, ಕೆಮ್ಮು ಇಲ್ಲ. ಚಳಿಗಾಲದಲ್ಲಿ ಅವಳು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಯಾವ ವರ್ಷ ಕೇಳಿದ್ದೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಅವಳು ಇನ್ನು ಬರುವುದೇ ಇಲ್ಲ ಎಂದರೂ ಆಗಲಿ ಎನಿಸಿತು, ಅಷ್ಟು ಸಂತೋಷವಾಯಿತು. ಅಳುವೂ ಬಂತು, ಸುಳ್ಳು ಹೇಳುವುದಿಲ್ಲ.

"ಕೇಳಾಕತ್ತೀರಿಲ್ಲೋ? ಯಾಕ ಸುಮ್ನಾದ್ರಿ?" ಎಂದಳು.

"ಕೇಳಾಕತ್ತೀನಿ," ಎಂದೆ. "ನೀ ಹೇಳು."

ಅವಳು ಹೇಳಿದಳು. ಒಲೆ ಆರಿಸಿ, ಅಡುಗೆಮನೆಯ ನೆಲದ ಮೇಲೆ ಕುಳಿತು, ಮುಗಿಯುವವರೆಗೂ ಕೇಳಿದೆ.